ಜೋಡಿ ಸವಾರಿಯ ನಿಯಮಗಳು

ಜನವರಿ 4, ಭಾನುವಾರ

ಕಾಲಿನ ಮೇಲೆ ಕೂದಲಿದೆ ಎಂಬ ಕಾರಣಕ್ಕೆ ನನ್ನನ್ನು ಇವತ್ತು ತಂಡದಿಂದ ತೆಗೆದರು. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ನಿಧಾನ ಎಂದು ತೆಗೆದಿದ್ದರೆ ಬಾಯಿ ಮುಚ್ಚಿಕೊಂಡು ಬರುತ್ತಿದ್ದೆ. ಕಳೆದ ತಿಂಗಳು ಪಾವಗಡ ರಸ್ತೆಯ ಏರಿನಲ್ಲಿ ಬಳಗದ ಗಂಡಸರಲ್ಲಿ ಅರ್ಧದಷ್ಟು ಜನರನ್ನು ಹಿಂದೆ ಹಾಕಿದವಳು ನಾನು. ಆದರೆ ನಮ್ಮ ಮಧುಗಿರಿ ಸೈಕಲ್ ಬಳಗಕ್ಕೆ ವೇಗಕ್ಕಿಂತ ನಯ ಮುಖ್ಯ. ಶನಿವಾರ ಸಂಜೆ ಎಲ್ಲರೂ ಲಕ್ಷ್ಮಯ್ಯನವರ ಸಲೂನಿನಲ್ಲಿ ಸಾಲಾಗಿ ಕೂತು ಮೊಣಕಾಲಿನಿಂದ ಕೆಳಗೆ ಬೋಳಿಸಿಕೊಳ್ಳುತ್ತಾರೆ. ಯುರೋಪಿನ ಸವಾರರು ಹಾಗೆ ಮಾಡುತ್ತಾರಂತೆ. ಬಿದ್ದಾಗ ಗಾಯ ಬೇಗ ಮಾಯುತ್ತದಂತೆ. ಬೀಳುವುದು ವರ್ಷಕ್ಕೊಮ್ಮೆ, ಬೋಳಿಸುವುದು ವಾರಕ್ಕೊಮ್ಮೆ! ಕಾಲುಚೀಲ ಬಿಳಿಯದೇ ಆಗಬೇಕು. ಕನ್ನಡಕದ ಕಡ್ಡಿ ಹೆಲ್ಮೆಟ್ಟಿನ ಪಟ್ಟಿಯ ಮೇಲೆಯೇ ಬರಬೇಕು. ಏರಿನಲ್ಲಿ ಜೀವ ಹೋಗುತ್ತಿದ್ದರೂ ಮುಖ ಕಿವುಚಬಾರದು, ಫೋಟೊ ಕೆಡುತ್ತದೆ. ಇದನ್ನು ಅವರು ಗಟ್ಟಿತನ ಎನ್ನುತ್ತಾರೆ.

ಕ್ಯಾಪ್ಟನ್ ಪ್ರಸನ್ನ ಕುಮಾರ್, ಹಾರ್ಡ್‌ವೇರ್ ಅಂಗಡಿಯವರು, ಎಲ್ಲರ ಮುಂದೆಯೇ ಶುರು ಮಾಡಿದರು. “ನೋಡಮ್ಮ ಭವ್ಯ, ಬೇಜಾರು ಮಾಡ್ಕೋಬೇಡ. ಟೀಮ್ ಅಂದ್ಮೇಲೆ ಒಂದು ಲುಕ್ ಇರುತ್ತೆ. ಗಂಡಸ್ರೇ ಬೋಳಿಸ್ಕೊಂಡು ನಿಂತಿರುವಾಗ ನೀನು ಹಿಂಗೆ ಬಂದ್ರೆ ಹೆಂಗೆ?”

“ನನ್ನ ಕಾಲು ಇರೋದು ತುಳಿಯೋದಕ್ಕೆ ಸಾರ್, ನೋಡೋದಕ್ಕಲ್ಲ.”

“ರೂಲ್ ಎಲ್ಲಾರಿಗೂ ಒಂದೇ ಕಣಮ್ಮ. ನಾನೇನು ನಿನ್ನ ಮನಸ್ಸು ಬದಲಾಯ್ಸು ಅಂದ್ನಾ? ಕಾಲು ತಾನೇ?”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಕ್ಕವನ ಕಾಲು ಸಿಪ್ಪೆ ಸುಲಿದ ಬಾಳೆಹಣ್ಣಿನಂತೆ ಹೊಳೆಯುತ್ತಿತ್ತು.

ಫೆಬ್ರವರಿ 8ಕ್ಕೆ ನಾಲ್ಕು ತಾಲ್ಲೂಕು ಜೋಡಿ ಸವಾರಿ. ಕೊರಟಗೆರೆಯಲ್ಲಿ ಹೊರಟು ಮಧುಗಿರಿ, ಪಾವಗಡ ಹಾದು ಶಿರಾದಲ್ಲಿ ಮುಗಿಯುತ್ತದೆ. ಇಬ್ಬಿಬ್ಬರಾಗಿಯೇ ಹೆಸರು ಕೊಡಬೇಕು, ಇಬ್ಬರೂ ಒಟ್ಟಿಗೇ ಗೆರೆ ದಾಟಬೇಕು. ಒಬ್ಬರು ನಿಂತರೆ ಇಬ್ಬರೂ ಹೊರಗೆ. ಇದಕ್ಕಾಗಿ ಎರಡು ವರ್ಷದಿಂದ ತುಳಿದಿದ್ದೇನೆ. ಈಗ ನನಗೆ ಜೋಡಿಯೇ ಇಲ್ಲ.

ಜನವರಿ 6, ಮಂಗಳವಾರ

ಮನೆಯಲ್ಲೂ ನೆಮ್ಮದಿಯಿಲ್ಲ. ಅಮ್ಮ ನನ್ನ ಪರ ನಿಲ್ಲುತ್ತಾಳೆ ಎಂದುಕೊಂಡು ಎಲ್ಲ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಲೇ, “ಅರಿಶಿನ ಹಚ್ಕೊಂಡು ತಿಕ್ಕೇ, ತಾನಾಗಿ ಉದುರುತ್ತೆ. ರೇಜರ್ ಮುಟ್ಟಬೇಡ, ಒರಟಾಗುತ್ತೆ” ಎಂದಳು.

“ಅಮ್ಮಾ, ಪ್ರಶ್ನೆ ಅದಲ್ಲ.”

“ಮತ್ತೆ ಇನ್ಯಾವ್ದು?”

ಅಂಗಡಿಗೆ ಹೋಗಿ ಕೂತೆ. ಬಿ.ಕಾಂ. ಮುಗಿಸಿ ಅಪ್ಪನ ಸೀರೆ ಅಂಗಡಿಯಲ್ಲಿ ಕೂತಿರುವುದೇ ನನ್ನ ಉದ್ಯೋಗ. ಗಿರಾಕಿಯಿಲ್ಲದ ಹೊತ್ತಿನಲ್ಲಿ ತುಮಕೂರಿನ ಸಭೆಯೊಂದರಲ್ಲಿ ಕೊಂಡ ಹಸಿರು ರಟ್ಟಿನ ಕಿರುಹೊತ್ತಿಗೆಯನ್ನು ಮತ್ತೆ ಓದಿದೆ. ‘ಶೃಂಗಾರವೆಂಬುದು ಹೆಣ್ಣಿನ ಮೈಮೇಲೆ ಹೇರಿದ ಕಂದಾಯ.’ ಎಷ್ಟು ನಿಜ! ಆದರೆ ಈಗ ಗಂಡಸರೂ ಖುಷಿಯಿಂದ ಆ ಕಂದಾಯ ಕಟ್ಟಲು ಸಾಲು ನಿಂತಿದ್ದಾರಲ್ಲ, ಅದರ ಬಗ್ಗೆ ಹೊತ್ತಿಗೆಯಲ್ಲಿ ಒಂದು ಮಾತೂ ಇಲ್ಲ.

ಬಳಗ ಬೇಡ. ನನ್ನ ಜೋಡಿಯನ್ನು ನಾನೇ ಕಟ್ಟುತ್ತೇನೆ. ಅಲಂಕಾರವಿಲ್ಲದ, ಅಂಜಿಕೆಯಿಲ್ಲದ ಒಬ್ಬಳು ಈ ನಾಲ್ಕು ತಾಲ್ಲೂಕಿನಲ್ಲಿ ಸಿಗುವುದಿಲ್ಲವೇ?

ಜನವರಿ 9, ಶುಕ್ರವಾರ

ಸಿಕ್ಕಳು. ಆದರೆ ಸಿಕ್ಕ ರೀತಿ ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ಶಿರಾ ರಸ್ತೆಯಲ್ಲಿ ಒಬ್ಬಳೇ ಹೋಗುತ್ತಿದ್ದೆ. ಹಿಂದಿನಿಂದ ಘಲ್ ಘಲ್ ಎಂದು ಬಳೆಯ ಸದ್ದು. ಎತ್ತಿನಗಾಡಿ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಗೇರ್ ಸೈಕಲ್ಲೊಂದು ಪಕ್ಕಕ್ಕೆ ಬಂತು. ಮುಡಿ ತುಂಬ ಕನಕಾಂಬರ, ಕಣ್ಣಿಗೆ ಕಾಡಿಗೆ, ಎರಡು ಕೈಗೂ ಹಸಿರು ಗಾಜಿನ ಬಳೆ, ಉಗುರಿಗೆ ಸೈಕಲ್ಲಿನದೇ ಬಣ್ಣ. ಹಿಮ್ಮಡಿಯೆಲ್ಲ ಅರಿಶಿನ.

“ಯಾಕಕ್ಕ, ಚೈನ್ ಬಿಚ್ಕಂಡೈತಾ?”

“ಇಲ್ಲವಲ್ಲ. ಯಾಕೆ?”

“ಅಂಗೆ ನಿಧಾನಕ್ಕೆ ಹೋಗ್ತಿದ್ರಲ್ಲ, ಅದಕ್ಕೇ ಕೇಳ್ದೆ.”

ಹೇಳಿ ಹೋಗಿಯೇಬಿಟ್ಟಳು! ಹಿಡಿಯಲು ಶಿರಾ ಊರೊಳಗೆ ಹೋಗುವತನಕ ತುಳಿಯಬೇಕಾಯಿತು. ಹೆಸರು ಅಶ್ವಿನಿ. ಶಿರಾದ ಆಸ್ಪತ್ರೆಯೊಂದರಲ್ಲಿ ನರ್ಸು. ಗಂಡನ ಊರು ಹುಲಿಕುಂಟೆ. ತಮ್ಮ ರೇವಂತನ ಸೈಕಲ್ಲನ್ನು ತವರಿನಿಂದ ಎತ್ತಿಕೊಂಡು ಬಂದಿದ್ದಾಳೆ. ನಿತ್ಯ ಕೆಲಸಕ್ಕೆ ತಡವಾಗಿಯೇ ಹೊರಡುವುದರಿಂದ ಇಷ್ಟು ವೇಗ ಬಂದಿದೆಯಂತೆ. ಜೋಡಿ ಸವಾರಿಯ ವಿಷಯ ಹೇಳಿದೆ. ಕಣ್ಣು ಅಗಲವಾಯಿತು.

“ಶಿರಾದಾಗೆ ಮುಗಿಯೋದು ಅಂದ್ರಾ? ನಮ್ ಆಸ್ಪತ್ರೆಯೋರೆಲ್ಲ ನೋಡ್ತಾರೆ ಅನ್ನಿ! ಬತ್ತೀನಿ ಅಕ್ಕ.”

ವಯಸ್ಸು ಕೇಳಿದರೆ ನನಗಿಂತ ಒಂದು ವರ್ಷ ದೊಡ್ಡವಳು. ಅಲ್ಲಿಗೆ ‘ಅಕ್ಕ’ ನಿಂತಿತು, ‘ಕಣೇ’ ಶುರುವಾಯಿತು.

ಜನವರಿ 13, ಮಂಗಳವಾರ

ಮೊದಲ ತಾಲೀಮು. ಸಿಟ್ಟಿನಿಂದ ತಲೆ ಸಿಡಿಯುತ್ತಿದೆ.

ಹೊರಡುವ ಮುಂಚೆ ಹೂವಿಗೆ ಹೊಂದುವಂತೆ ಹೆಲ್ಮೆಟ್ ಹಾಕಿಕೊಳ್ಳಲು ಒಂದು ಯುಗ ಬೇಕಾಯಿತು. ದಾರಿಯಲ್ಲಿ ನಿಂತಿದ್ದ ಕಾರಿನ ಕಿಟಕಿಯಲ್ಲಿ ಮುಖ ನೋಡಿಕೊಂಡಳು. ಬೆವರಿಗೆ ಕಾಡಿಗೆ ಇಳಿಯಿತೆಂದು ನಿಲ್ಲಿಸಿದಳು. ಬಳೆಗಳಿಗೆ ಬಟ್ಟೆ ಸುತ್ತಿ ಕಟ್ಟಲು ಮತ್ತೆ ನಿಲ್ಲಿಸಿದಳು. ಆಮೇಲೆ ಏರು ಬಂತು, ನನ್ನನ್ನು ಹಿಂದೆ ಬಿಟ್ಟು ಹಾಡು ಗುನುಗುತ್ತ ಹತ್ತಿದಳು. ಅದು ಇನ್ನೂ ಸಿಟ್ಟು ಬರಿಸಿತು.

ಶಿಸ್ತು ಬೇಕು. ರಾತ್ರಿ ಕೂತು ನಮ್ಮ ಜೋಡಿಗೆ ನಿಯಮ ಬರೆದೆ: ಹೂವಿಲ್ಲ, ಕಾಡಿಗೆಯಿಲ್ಲ, ಬಳೆಯಿಲ್ಲ, ಹಣೆಗೇನೂ ಇಲ್ಲ. ಕನ್ನಡಿ ನೋಡಬಾರದು. ಹೊರಟ ಮೇಲೆ ಗುರಿ ಮುಟ್ಟುವ ತನಕ ಯಾವ ಕಾರಣಕ್ಕೂ ನಿಲ್ಲಬಾರದು. ದಣಿವೆಂಬ ಮಾತು ಆಡಬಾರದು. ನಮ್ಮ ಸರಳತೆಯೇ ನಮ್ಮ ಪ್ರತಿಭಟನೆ. ಬಳಗದವರ ಪೊಳ್ಳು ನಿಯಮಗಳಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ಇವಕ್ಕೆ ಅರ್ಥವಿದೆ.

ಜನವರಿ 18, ಭಾನುವಾರ

ನಿಯಮದ ಹಾಳೆಯನ್ನು ಶಿರಾ ದಾರಿಯ ಟೀ ಅಂಗಡಿಯಲ್ಲಿ ಅಶ್ವಿನಿಗೆ ಕೊಟ್ಟೆ. ಓದಿ, ಬನ್ನು ಚಹಾದಲ್ಲಿ ಅದ್ದಿ ತಿಂದಳು. ಮತ್ತೆ ಓದಿದಳು.

“ನಿಮ್ಮಪ್ಪ ಸೀರೆ ಮಾರಿ ನಿಂಗೆ ಸೈಕಲ್ ತಕ್ಕೊಟ್ರು. ನೀನು ನೋಡಿದ್ರೆ ಶೃಂಗಾರ ಬ್ಯಾಡ ಅಂತೀಯ. ಮಜವಾಗೈತೆ.”

“ತಮಾಷೆಯಲ್ಲ ಅಶ್ವಿನಿ. ಇವೆಲ್ಲ ನಿನ್ನ ಮೇಲೆ ಬೇರೆಯವರು ಹೇರಿದ್ದು.”

“ಉಗುರು ಬಣ್ಣ ಯಾರೂ ಹೇರಿಲ್ಲ ಕಣೇ. ನಾನೇ ಶಿರಾ ಸಂತೇಲಿ ತಗಂಡೆ. ಹಾಕ್ಕಂಡ್ರೆ ಜೋರಾಗಿ ತುಳೀಬೇಕು ಅನ್ಸುತ್ತೆ. ನಿಂಗೆ ಸಿಟ್ಟು ಬಂದ್ರೆ ಅನ್ಸಲ್ವಾ, ಅಂಗೆ.”

“ತೂಕವಾದರೂ ಕಡಿಮೆಯಾಗುತ್ತೆ.”

ಅವಳು ನನ್ನ ಕುತ್ತಿಗೆಯ ಕಡೆ ಕೈ ತೋರಿಸಿದಳು. “ಅಂಗಿ ಒಳಗೆ ಬೆಳ್ಳಿ ಕರಡಿಗೇಲಿ ಲಿಂಗ ಐತಲ್ಲ, ಅದಕ್ಕೆ ತೂಕ ಇಲ್ವಾ?”

“ಅದು ಒಡವೆ ಅಲ್ಲ.”

“ಇದೂ ಅಲ್ಲ ಕಣೇ” ಎಂದು ಬಳೆ ಅಲ್ಲಾಡಿಸಿದಳು.

ಅದು ಬೇರೆ, ಇದು ಬೇರೆ ಎಂದು ಬಹಳ ಹೊತ್ತು ವಿವರಿಸಿದೆ. ವಿವರಿಸಿದಷ್ಟೂ ಅವಳು ನನ್ನನ್ನೇ ನೋಡುತ್ತಿದ್ದಳು. ಕೊನೆಗೆ, “ನಿನ್ನ ನಂಬಿಕೆ ಬದಲಾಯಿಸು ಅಂತ ನಾನೇನೂ ಹೇಳುತ್ತಿಲ್ಲವಲ್ಲ. ಬಳೆ ತಾನೇ?” ಎಂದೆ. ಚಹಾ ಲೋಟ ಕೆಳಗಿಟ್ಟು, “ಆಯ್ತು ಬುಡು, ಒಂದಿನ ನೋಡಾನ. ತಾಳಿ ಮಾತ್ರ ತೆಗೆಯಲ್ಲ, ಒಳಗೆ ಹಾಕ್ಕತೀನಿ” ಎಂದಳು.

ವಿಚಾರಕ್ಕೆ ಬೆಲೆಯಿದೆ. ಒಬ್ಬಳನ್ನು ಬದಲಾಯಿಸಿದರೂ ಸಾಕು.

ಜನವರಿ 20, ಮಂಗಳವಾರ

ಗೆದ್ದೆವು! ಅಶ್ವಿನಿ ಬರಿಗೈ, ಬರಿಹಣೆ, ಬರಿಮುಡಿಯಲ್ಲಿ ಬಂದಳು. ಮನೆಯಿಂದ ಎಲ್ಲ ಹಾಕಿಕೊಂಡೇ ಹೊರಟು ಶಿರಾದಲ್ಲಿ ತೆಗೆದು ಚೀಲಕ್ಕೆ ಹಾಕಿದಳಂತೆ. ಎಷ್ಟು ಗಂಭೀರವಾಗಿ, ಗಟ್ಟಿಗಿತ್ತಿಯ ಹಾಗೆ ಕಾಣುತ್ತಿದ್ದಳು! ಹಾಡಲೂ ಇಲ್ಲ.

ಓಟ ಹುಲಿಕುಂಟೆಯಾಚೆಯ ತಿರುವಿನಲ್ಲಿ ಮುಗಿಯಬೇಕೆಂದು ಗೊತ್ತು ಮಾಡಿದ್ದೆ. ಊರು ಹತ್ತಿರ ಬಂದಾಗ, “ಒಂದ್ನಿಮಿಷ ನಿಲ್ಸೇ, ಬಳೆ ಹಾಕ್ಕಂಡ್ಬುಡ್ತೀನಿ” ಎಂದಳು. ನಿಲ್ಲಬಾರದೆಂಬ ನಿಯಮ ನೆನಪಿಸಿದೆ. “ಊರೊಳಗೆ ಹೋಗ್ಬೇಕು ಕಣೇ” ಎಂದಳು. ಇವತ್ತಿನಷ್ಟು ವೇಗ ಎಂದೂ ಬಂದಿರಲಿಲ್ಲ, ಕೆಡಿಸಲು ಮನಸ್ಸಾಗಲಿಲ್ಲ. ತುಳಿ ತುಳಿ ಎಂದು ಕೂಗಿದೆ. ತುಳಿದಳು. ನಡುಬೀದಿಯಲ್ಲಿ ಬಾಣದ ಹಾಗೆ ಹಾದುಹೋದೆವು. ಅರಳಿಕಟ್ಟೆಯಲ್ಲಿ ಕೂತಿದ್ದವರೆಲ್ಲ ಎದ್ದು ನಿಂತು ನೋಡಿದರು.

ಫೆಬ್ರವರಿ 8 ನಮ್ಮದೇ.

ಜನವರಿ 21, ಬುಧವಾರ

ಈ ಊರುಗಳಿಗೆ ಬುದ್ಧಿ ಬರುವುದು ಯಾವಾಗ?

ಮಧ್ಯಾಹ್ನ ಅಶ್ವಿನಿಯ ಫೋನು. ಅಳುತ್ತಲೇ ಎಲ್ಲ ಹೇಳಿದಳು. ಅರಳಿಕಟ್ಟೆಯಲ್ಲಿ ಎದ್ದು ನಿಂತವರು ನಮ್ಮ ವೇಗ ನೋಡಿ ನಿಂತದ್ದಲ್ಲ. ಮುತ್ತೈದೆಯೊಬ್ಬಳು ಬಳೆ, ಕುಂಕುಮ, ಹೂವು ಏನೂ ಇಲ್ಲದೆ ದಿಕ್ಕು ತಪ್ಪಿದವಳಂತೆ ಓಡಿದಳು, ಹಿಂದೆ ಇನ್ನೊಬ್ಬಳು ಕೂಗುತ್ತ ಹೋದಳು. ಅವರಿಗೆ ಕಂಡದ್ದು ಅಷ್ಟೇ. ಗಂಡ ದೇವರಾಜು ಲಾರಿ ಡ್ರೈವರು. ಪಾವಗಡದಾಚೆ ಆಂಧ್ರದ ಕಡೆಗೆ ಲೋಡು ಹೋಗಿದ್ದರು. ಕಟ್ಟೆಯ ಮೇಲಿದ್ದ ಚಿಕ್ಕಹನುಮಯ್ಯ ಎಂಬ ಹಿರಿಯರು ನೇರ ಮನೆಗೆ ಹೋಗಿ ಅತ್ತೆಯ ಮುಂದೆ ಟವಲ್ಲಿನಿಂದ ಕಣ್ಣೊರೆಸಿಕೊಂಡು, “ಗಂಗಲಕ್ಷ್ಮಮ್ಮ, ಗಟ್ಟಿ ಮನಸ್ಸು ಮಾಡ್ಕ” ಎಂದರಂತೆ.

ಮಗನ ಫೋನು ಆಫ್. ಅಷ್ಟು ಸಾಕಾಯಿತು. ಅಶ್ವಿನಿ ತಿರುವಿನಿಂದ ಇನ್ನೊಂದು ರಸ್ತೆ ಹಿಡಿದು ನೆಟ್ಟಗೆ ಡ್ಯೂಟಿಗೆ ಹೋಗಿದ್ದಳು, ಅವಳ ಫೋನು ಚೀಲದ ತಳದಲ್ಲಿತ್ತು. ಅವಳು ಮನೆ ಸೇರುವ ಹೊತ್ತಿಗೆ ಅಂಗಳದಲ್ಲಿ ಹೆಂಗಸರು ಸೇರಿ ಎದೆ ಬಡಿದುಕೊಳ್ಳುತ್ತಿದ್ದರು. ನೆಂಟರಿಗೆ ಸುದ್ದಿ ಮುಟ್ಟಿತ್ತು. ಅಂಥದ್ದೇನೂ ಆಗಿಲ್ಲ ಎಂದು ಅವಳು ಹೇಳಿದ್ದನ್ನು ಯಾರೂ ನಂಬಲಿಲ್ಲವಂತೆ. ಸಂಜೆ ನಾಗಲಮಡಿಕೆಯ ಟೀ ಅಂಗಡಿಯಿಂದ ದೇವರಾಜು ಯಾರದ್ದೋ ಫೋನಿನಲ್ಲಿ ಮಾತಾಡಿದರಂತೆ. ಅವರ ದೊಡ್ಡಮ್ಮನ ಮಗ ಫೋನ್ ಎತ್ತಿ, ದನಿ ಕೇಳಿ, ಕೈಯಿಂದ ಬಿಟ್ಟೇಬಿಟ್ಟನಂತೆ.

“ಅತ್ತೆ ಅನ್ನ ಮುಟ್ಟಿಲ್ಲ. ನನ್ ಕುಟೆ ಮಾತಾಡ್ತಿಲ್ಲ” ಎಂದಳು ಅಶ್ವಿನಿ. “ಒಂದ್ನಿಮಿಷ ನಿಲ್ಸು ಅಂದಿದ್ನಲ್ಲೇ ಭವ್ಯ.”

ಇದು ಅವರ ಮೂಢನಂಬಿಕೆಯ ತಪ್ಪು, ನಿನ್ನದಲ್ಲ, ನನ್ನದೂ ಅಲ್ಲ ಎಂದು ಹೇಳಿದೆ. ಫೋನಿಟ್ಟಳು.

ಜನವರಿ 23, ಶುಕ್ರವಾರ

ಕರೆ ಎತ್ತುತ್ತಿಲ್ಲ. ಈ ವಿಷಯದ ಮೇಲೆ ಕರಪತ್ರ ಬರೆಯಲು ಕೂತೆ. ‘ಗಾಜಿನ ಬಳೆಯಲ್ಲಿ ಗಂಡಸಿನ ಪ್ರಾಣವಿದೆಯೇ?’ ಎಂದು ತಲೆಬರಹ ಕೊಟ್ಟೆ. ಚೆನ್ನಾಗಿತ್ತು. ಎರಡು ಪ್ಯಾರಾ ಆದ ಮೇಲೆ ಹುಲಿಕುಂಟೆಯ ಆ ಹೆಂಗಸು ಸಂಜೆತನಕ ಅಂಗಳದಲ್ಲಿ ಹೇಗೆ ಕೂತಿದ್ದಿರಬಹುದು ಎಂಬುದೊಂದು ಅಡ್ಡ ಬಂತು. ವಾದಕ್ಕೆ ಅದರ ಸಂಬಂಧವಿಲ್ಲ. ಆದರೂ ಮುಂದೆ ಸಾಗಲಿಲ್ಲ.

ಅಮ್ಮನಿಗೆ ಹೇಳಿದರೆ ಅವಳು ಬೈಯಲೂ ಇಲ್ಲ. “ಹೋಗಿ ಬಂದೇನೇ ಅವ್ರ ಮನೆಗೆ?” ಎಂದಳು ಅಷ್ಟೇ. ನಾನೇಕೆ ಹೋಗಲಿ?

ಜನವರಿ 25, ಭಾನುವಾರ

ಪ್ರಸನ್ನ ಕುಮಾರ್ ಅಂಗಡಿಗೇ ಬಂದರು. ಹೆಂಡತಿಗೆ ಸೀರೆ ನೋಡುವ ನೆಪ. ತುಮಕೂರಿನ ಒಬ್ಬ ಹುಡುಗಿಗೆ ಜೋಡಿ ಬೇಕಂತೆ, ಬಹಳ ವೇಗದವಳಂತೆ.

“ಹೆಸರು ಕೊಡೋಕೆ ಶನಿವಾರ ಕೊನೆ. ನೀನು ಹೂಂ ಅಂದ್ರೆ ಇವತ್ತೇ ಬರ್ಸಿಬಿಡ್ತೀನಿ. ಬಳಗದ ಹೆಸ್ರಲ್ಲಿ. ಆ ಒಂದು ವಿಷಯ ಮಾತ್ರ ಸರಿಮಾಡ್ಕೊಂಡ್ಬಾ” ಎಂದು ನನ್ನ ಕಾಲಿನ ಕಡೆ ನೋಡದೆ ಕೌಂಟರಿನ ಕಡೆ ನೋಡಿದರು. “ಹಟ ಯಾಕಮ್ಮ? ನಿಯಮ ಅಂದ್ರೆ ನಿಯಮ. ಮನುಷ್ಯರನ್ನ ನೋಡಿ ನಿಯಮ ಮಾಡೋಕಾಗುತ್ತಾ?”

ಯಾಕಾಗುವುದಿಲ್ಲ, ನಿಯಮ ಮನುಷ್ಯರಿಗಲ್ಲದೆ ಇನ್ಯಾರಿಗೆ ಎಂದು ನಾನು ಜೋರಾಗಿಯೇ ಕೇಳಿದೆ. ಸೀರೆ ನೋಡುತ್ತಿದ್ದ ಇಬ್ಬರು ತಿರುಗಿ ನೋಡಿದರು. ನನಗೆ ಜೋಡಿ ಇದ್ದಾಳೆ ಎಂದೆ.

“ಯಾರು? ಆ ಹುಲಿಕುಂಟೆ ಹುಡ್ಗೀನಾ? ಗಂಡನ್ನ ಬದುಕಿರೋವಾಗ್ಲೇ ಸಾಯ್ಸಿ...” ಎಂದು ನಗಲು ಶುರು ಮಾಡಿದರು.

“ಅದರಲ್ಲಿ ನಗೋದೇನೂ ಇಲ್ಲ ಸಾರ್.”

ಅವರು ಹೋದ ಮೇಲೆ ಯೋಚಿಸಿದೆ. ಫೆಬ್ರವರಿ 8 ಕೈಗೆ ಬಂದಿತ್ತು. ಕಾಲು ಬೋಳಿಸದೆಯೂ ಚೌಕಾಸಿ ಮಾಡಬಹುದಿತ್ತು. ಏನೋ, ಬೇಡ ಎಂದುಬಿಟ್ಟೆ. ಇಲ್ಲದ ಜೋಡಿಯನ್ನು ಇದ್ದಾಳೆ ಎಂದೆ. ಮೂರ್ಖತನ!

ಜನವರಿ 28, ಬುಧವಾರ

ಹುಲಿಕುಂಟೆಗೆ ಹೋಗಿದ್ದೆ. ಸೈಕಲ್ಲಿನಲ್ಲಲ್ಲ, ಬಸ್ಸಿನಲ್ಲಿ. ಕೊಡೋಣವೆಂದು ಕಿರುಹೊತ್ತಿಗೆಯನ್ನು ಚೀಲದಲ್ಲಿ ಇಟ್ಟುಕೊಂಡೆ. ಅಮ್ಮ ಅದರ ಮೇಲೆ ಒಂದು ಕವರು ಬಾಳೆಹಣ್ಣು ಇಟ್ಟಳು.

ಗಂಗಲಕ್ಷ್ಮಮ್ಮ ಅಂಗಳದಲ್ಲಿ ಹುಣಿಸೆಹಣ್ಣು ಬಿಡಿಸುತ್ತಿದ್ದರು. ನಾನು ಯಾರೆಂದು ಹೇಳುವ ಮುಂಚೆಯೇ ತಿಳಿಯಿತು.

“ನೀನೇನಾ ನನ್ ಮಗನ್ನ ಸಾಯಿಸ್ದೋಳು?”

ಜಗುಲಿಯ ಮೇಲೆ ಉದ್ದಕ್ಕೆ ಮಲಗಿದ್ದ ಗಂಡಸೊಬ್ಬರು ಎದ್ದು ಕೂತರು. “ಬುಡವ್ವಾ. ಸತ್ತೋನು ನಾನೇ ಸುಮ್ನಿದೀನಿ, ನಿಂದೇನು?” ಎಂದರು. ದೇವರಾಜು. ನನ್ನ ಕಡೆ ತಿರುಗಿ, “ಕೂತ್ಕಳಿ. ಲಾರಿ ಓನರ್ರು ಫೋನ್ ಮಾಡಿ ‘ಏಮಿರಾ, ನುವ್ವು ಬತಿಕುಂಡಾವಾ’ ಅಂತ ಕೇಳಿದ್ರು. ಬದುಕಿದೀನಿ ಅಂತ ಅವ್ರಿಗೆ ಫೋಟೊ ಬೇರೆ ಕಳಿಸ್ದೆ.”

ಗಂಗಲಕ್ಷ್ಮಮ್ಮ ನಗಲಿಲ್ಲ. ನಾನು ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಬಂದದ್ದನ್ನು ಶುರು ಮಾಡಿದೆ. “ಅಮ್ಮಾ, ಬಳೆ ಕುಂಕುಮ ಅನ್ನೋದು ಒಂದು ಕಾಲದಲ್ಲಿ...”

“ನಂಗೆ ಕಾಲ ಗೀಲ ಹೇಳ್ಬ್ಯಾಡ” ಎಂದರು ಅವರು. ದನಿ ಏರಿಸಲಿಲ್ಲ. “ಬಳೆ ಇಲ್ದಿದ್ರೆ ಗಂಡ ಸಾಯಲ್ಲ ಅಂತ ನಂಗೂ ಗೊತ್ತು. ನಮ್ಮ ಯಜಮಾನ್ರು ಹೋದಾಗ ನನ್ ಕೈ ತುಂಬ ಬಳೆ ಇದ್ವು. ಆದ್ರೆ ನಮ್ಮೂರಾಗೆ ಸುದ್ದಿ ಹೇಳೋದು ಹಿಂಗೇ ಕಣವ್ವಾ. ಬಾಯ್ಬುಟ್ಟು ಹೇಳಕ್ಕಾಗಲ್ಲ, ಹಣೆ ನೋಡ್ಕಂಡು ತಿಳ್ಕತೀವಿ. ನೀವು ಸುಳ್ಳು ಸುದ್ದಿ ಹೇಳ್ಬುಟ್ಟು ಹೋದ್ರಿ. ಸಂಜೆಗಂಟ ನನ್ ಮಗ ಇರ್ಲಿಲ್ಲ. ಅದನ್ನ ಯಾರು ವಾಪಸ್ ಕೊಡ್ತಾರೆ?”

ಹುಣಿಸೆ ಬೀಜಗಳು ತಟ್ಟೆಗೆ ಬೀಳುತ್ತಿದ್ದವು. “ತಪ್ಪಾಯ್ತು” ಎಂದೆ. ಅಷ್ಟು ಬೇಗ ಬಾಯಿಂದ ಬಂದದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಇನ್ನೊಮ್ಮೆ ಹೇಳಬೇಕಾಗಿ ಬಂದು, ಎರಡನೇ ಸಲ ಇನ್ನೂ ಕಷ್ಟವಾಯಿತು, ಏಕೆಂದರೆ ಅಶ್ವಿನಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. ಕಾಡಿಗೆ ಇತ್ತು. ಉಗುರಿನ ಬಣ್ಣ ಅರ್ಧ ಹೋಗಿತ್ತು, ಮತ್ತೆ ಹಚ್ಚಿರಲಿಲ್ಲ. ಅದನ್ನು ನೋಡಿ ನನಗೆ ಏಕೋ ಸಂಕಟವಾಯಿತು.

“ಸವಾರಿಗೆ ಬರ್ತೀಯಾ?” ಎಂದು ಕೇಳಿದೆ.

“ಏನೇನು ತೆಗೀಬೇಕು?”

“ಏನೂ ಬೇಡ.”

“ನಿಲ್ಲು ಅಂದ್ರೆ?”

“ನಿಲ್ತೀನಿ.”

“ನಿಲ್ಲು ಅಂದ್ರೆ ಯಾಕೆ ಅಂತ ಕೇಳ್ಬಾರ್ದು ಕಣೇ. ಮೊದ್ಲು ನಿಲ್ಲು. ಆಮ್ಯಾಕೆ ಬೇಕಾದ್ರೆ ಭಾಷಣ ಮಾಡು.”

ದೇವರಾಜು ಜೋರಾಗಿ ನಕ್ಕರು. ಗಂಗಲಕ್ಷ್ಮಮ್ಮ ಕೈಯ ಅಂಟನ್ನು ಬೂದಿ ಹಚ್ಚಿ ಉಜ್ಜಿಕೊಂಡು ಎದ್ದರು.

“ಸೈಕಲ್ ತುಳೀರಿ, ಬ್ಯಾಡ ಅನ್ನಲ್ಲ. ಅವ್ಳು ಅದೇನೋ ಪಂದ್ಯ ಗೆದ್ರೆ ನಂಗೂ ಸಂತೋಷವೇ. ಆದ್ರೆ ಮೊದ್ಲು ಹೋದ ಬೀದೀಲೇ ಇನ್ನೊಂದ್ಕಿತ ಹೋಗ್ಬೇಕು. ಕೈ ತುಂಬ ಬಳೆ ಹಾಕ್ಕಂಡು, ಹೂ ಮುಡ್ಕಂಡು. ನಿಧಾನಕ್ಕೆ. ಆವತ್ತು ನೋಡ್ದೋರೆಲ್ಲ ನೋಡ್ಬೇಕು. ನೆಂಟ್ರು ಇನ್ನೂ ಫೋನ್ ಮಾಡಿ ಅಳ್ತಾರೆ.” ನನ್ನ ಕಡೆ ಬೆರಳು ತೋರಿದರು. “ನೀನು ಹಿಂದೆ ಕೂಗ್ತಾ ಬರಾದಲ್ಲ. ಪಕ್ಕದಾಗೆ ಬರ್ಬೇಕು.”

ತಾಲೀಮಿಗೆ ಉಳಿದಿರುವುದೇ ಹತ್ತು ದಿನ. ಅದರಲ್ಲಿ ಒಂದು ಬೆಳಗು ಆಮೆಯ ಹಾಗೆ ಬೀದಿಯಲ್ಲಿ ತಿರುಗಲು! ಬೆಳಕು ಹರಿಯುವ ಮುಂಚೆ ಮುಗಿಸಿಬಿಡೋಣವೇ ಎಂದು ಕೇಳಿದೆ.

“ಕತ್ಲಾಗೆ ಯಾರು ನೋಡ್ತಾರೆ? ಏಳು ಗಂಟೆ. ಹಾಲು ಹಾಕಕ್ಕೆ ಊರೆಲ್ಲ ಡೇರಿ ಮುಂದೆ ಸಾಲು ನಿಂತಿರ್ತದೆ.”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿಕೊಂಡು ಬಂದೆ. ಮಧುಗಿರಿಯಿಂದ ಅಷ್ಟು ಹೊತ್ತಿಗೆ ಅಲ್ಲಿರಬೇಕಾದರೆ ಕತ್ತಲಲ್ಲೇ ಹೊರಡಬೇಕು. ಅದೂ ನಿಧಾನಕ್ಕೆ ಹೋಗುವುದಕ್ಕೋಸ್ಕರ! ಬಾಳೆಹಣ್ಣು ಕೊಟ್ಟೆ. ಹೊತ್ತಿಗೆ ಕೊಡುವುದು ಮರೆತುಹೋಯಿತು.

ಹೆಸರು ಕೊಡಲು ಶನಿವಾರ ಕೊನೆ. ಅದಕ್ಕೂ ಮುಂಚೆ, ಶುಕ್ರವಾರ, ಜನವರಿ 30, ಬೆಳಗ್ಗೆ ಏಳು ಗಂಟೆ, ಹುಲಿಕುಂಟೆ ಹಾಲಿನ ಡೇರಿ ಮುಂದೆ.